ಅಂಗಡಿಯ ಪಿಸಿಗೆ ಅಪ್‌ಗ್ರೇಡ್, ಮನೆಯ ಲ್ಯಾಪ್‌ಟಾಪ್‌ಗೆ ಫಾರ್ಮ್ಯಾಟ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೆ ಸ್ವಲ್ಪ ಮೊದಲು ನಾನು ಎರಡು ಯಂತ್ರಗಳನ್ನು ವಿಂಡೋಸ್ 11ಕ್ಕೆ ತಂದೆ. ಒಂದು ನನ್ನ ಡಿಟಿಪಿ ಅಂಗಡಿಯ ಪಿಸಿ, ಇನ್ನೊಂದು ಮನೆಯ ಲ್ಯಾಪ್‌ಟಾಪ್. ಪಿಸಿಯನ್ನು ಇದ್ದ ಹಾಗೇ ಅಪ್‌ಗ್ರೇಡ್ ಮಾಡಿದೆ. ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ.

"ಫಾರ್ಮ್ಯಾಟ್ ಹೊಡೆದುಬಿಡಿ ಸಾರ್, ಹೊಸದರ ಹಾಗೆ ಓಡುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಹಳೇ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ವೇಗ ಬೇಕಿದ್ದರೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಬೇಕು. ಹಾಗಾಗಿ ನಾನು ವೇಗ ನೋಡಿ ತೀರ್ಮಾನ ಮಾಡಲಿಲ್ಲ. ಇದರಲ್ಲಿರುವ ಸಾಫ್ಟ್‌ವೇರ್‌ಗಳನ್ನೆಲ್ಲ ಮತ್ತೆ ಹಾಕಲು ನನ್ನಿಂದ ಆಗುತ್ತಾ ಅನ್ನೋದೊಂದೇ ನೋಡಿದೆ.

ಪಿಸಿಯ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿತ್ತು: ಕಷ್ಟ. ಅದರಲ್ಲಿ ಪುಟವಿನ್ಯಾಸದ ಪೇಜ್‌ಮೇಕರ್ 7 ಇದೆ. ಕನ್ನಡ ಟೈಪಿಂಗ್‌ನ ನುಡಿ 4.0 ಇದೆ. ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟ್‌ಗಳ ರಾಶಿ ಇದೆ. ಜೊತೆಗೆ ಲೆಕ್ಕಪತ್ರದ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್. ಇವುಗಳಲ್ಲಿ ಎಷ್ಟರ ಸಿಡಿ, ಎಷ್ಟರ ಕೀ ಈಗ ಸಿಗುತ್ತೆ ಹೇಳಿ? ಲಗ್ನಪತ್ರಿಕೆ, ಕರಪತ್ರಗಳ ವರ್ಷಗಟ್ಟಲೆಯ ಫೈಲ್‌ಗಳು ಆ ಫಾಂಟ್‌ಗಳ ಮೇಲೇ ನಿಂತಿವೆ. ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ.

ಫಾಂಟ್ ಬ್ಯಾಕಪ್ ವಿಷಯ ಬಂದಾಗ ಒಂದು ಮಾತು. ಎಲ್ಲರೂ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ನಕಲು ಮಾಡಿಕೊಂಡು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ, ಫಾಂಟ್ ಮೇಲೆ ಕ್ಲಿಕ್ ಮಾಡಿ ಸುಮ್ನೆ ಇನ್‌ಸ್ಟಾಲ್ ಕೊಟ್ಟರೆ ಅದು ಆ ಬಳಕೆದಾರನಿಗೆ ಮಾತ್ರ ಸೇರುತ್ತದೆ. ಅಂಥ ಫಾಂಟ್‌ಗಳು ಇರೋದು ಬಳಕೆದಾರನ ಆಪ್‌ಡೇಟಾ ಫೋಲ್ಡರಿನಲ್ಲಿ. ಅದು ಸಾಮಾನ್ಯವಾಗಿ ಅಡಗಿರುತ್ತದೆ. ಅಪ್‌ಗ್ರೇಡ್ ಮಾಡುವವನೇ ಆದರೂ ನಾನು ಎರಡೂ ಕಡೆಯಿಂದ ನಕಲು ತೆಗೆದೆ. ಮೇಲೆ ಇಡೀ ಸಿ ಡ್ರೈವಿನ ಇಮೇಜ್ (ಇದ್ದ ಹಾಗೇ ಪೂರ್ತಿ ನಕಲು) ಒಂದನ್ನು ಹೊರಗಿನ ಡಿಸ್ಕಿಗೆ ಹಾಕಿಟ್ಟೆ.

ಪಿಸಿಯ ಪ್ರೊಸೆಸರ್ ಎಂಟನೇ ತಲೆಮಾರಿನ ಐ3. ಇಂಟೆಲ್‌ನಲ್ಲಿ ವಿಂಡೋಸ್ 11 ಒಪ್ಪುವುದು ಹೆಚ್ಚುಕಮ್ಮಿ ಅಲ್ಲಿಂದ ಮೇಲಕ್ಕೇ. ಆದರೂ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನುವ ಪರೀಕ್ಷೆಯ ಆಪ್ ಆಗಲ್ಲ ಅಂದಿತು. ಕಾರಣ, ಅಸೆಂಬಲ್ ಮಾಡಿದಾಗ ಹಳೇ ಲೆಗಸಿ ಬೂಟ್ ವಿಧಾನದಲ್ಲಿ ವಿಂಡೋಸ್ ಹಾಕಿದ್ದರು. ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ ಟಿಪಿಎಂ 2.0 ಕೂಡ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ) ಆಫ್ ಆಗಿತ್ತು. ಅಲ್ಲಿ ಟಿಪಿಎಂ ಅನ್ನುವ ಹೆಸರು ಹುಡುಕಿದರೆ ಸಿಗದೇ ಇರಬಹುದು. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಇರುತ್ತದೆ.

ಇಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲು ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಅನ್ನುವ ಸಾಧನದಿಂದ ಡಿಸ್ಕನ್ನು ಎಂಬಿಆರ್ ಅನ್ನುವ ಹಳೇ ಪಾರ್ಟಿಷನ್ ಬಗೆಯಿಂದ ಜಿಪಿಟಿ ಅನ್ನುವ ಹೊಸ ಬಗೆಗೆ ಬದಲಾಯಿಸಬೇಕು. ಡೇಟಾ ಹೋಗುವುದಿಲ್ಲ. ಆಮೇಲೆ ಬಯಾಸ್‌ಗೆ ಹೋಗಿ ಯುಇಎಫ್‌ಐ (ಹೊಸ ಬೂಟ್ ವಿಧಾನ), ಸೆಕ್ಯೂರ್ ಬೂಟ್, ಪಿಟಿಟಿ ಆನ್ ಮಾಡಬೇಕು. ಬಯಾಸ್ ಮೊದಲು ಬದಲಾಯಿಸಿದರೆ ಯಂತ್ರ ಬೂಟ್ ಆಗುವುದಿಲ್ಲ. ಇನ್ನೊಂದು ತೊಡಕಿದೆ. ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಹೋಳು ಮಾಡುವುದು ನಮ್ಮಲ್ಲಿ ಪದ್ಧತಿ ಅಲ್ವಾ? ಅದರಲ್ಲಿ ಡಿ, ಇ ಎರಡೂ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಅನ್ನುವ ದೊಡ್ಡ ಹೋಳಿನ ಒಳಗಿದ್ದರೆ ಈ ಸಾಧನ ಮುಂದುವರಿಯುವುದೇ ಇಲ್ಲ. ನನ್ನದರಲ್ಲಿ ಎಸ್‌ಎಸ್‌ಡಿ ಮೇಲೆ ಸಿ ಮಾತ್ರ ಇತ್ತು, ಕೆಲಸದ ಫೈಲ್‌ಗಳು ಬೇರೆ ಡಿಸ್ಕಿನಲ್ಲಿದ್ದವು. ಸಲೀಸಾಗಿ ಆಯಿತು.

ಅಪ್‌ಗ್ರೇಡ್ ಅಂತ ಮಾಡಿದ್ದು ಇಷ್ಟೇ: ವಿಂಡೋಸ್ 11ರ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲ್ ಡಿಸ್ಕಿನ ನಕಲು) ತೆರೆದು ಅದರೊಳಗಿನ ಸೆಟಪ್ ಓಡಿಸಿದ್ದು. ಅಲ್ಲಿ ಫೈಲ್ ಮತ್ತು ಆಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಬರುತ್ತದೆ. ಅದು ಮಸುಕಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಬಹಳ ಸಲ ಕಾರಣ ಭಾಷೆಯೇ ಆಗಿರುತ್ತದೆ. ಯಂತ್ರದಲ್ಲಿ ಇಂಗ್ಲಿಷ್ ಇಂಟರ್‌ನ್ಯಾಷನಲ್ ಇದ್ದು ನೀವು ಅಮೆರಿಕದ ಇಂಗ್ಲಿಷಿನ ಐಎಸ್‌ಒ ಇಳಿಸಿಕೊಂಡಿರುತ್ತೀರಿ. ಸರಿಯಾದ ಐಎಸ್‌ಒ ತಂದರೆ ಆಯ್ಕೆ ತಾನಾಗಿ ಬರುತ್ತದೆ. ವಿಂಡೋಸ್ 10 ಏನಾದರೂ 32 ಬಿಟ್ಟಿನದಾಗಿದ್ದರೆ ಈ ದಾರಿಯೇ ಇಲ್ಲ. 11 ಇರೋದು 64 ಬಿಟ್‌ನಲ್ಲಿ ಮಾತ್ರ, ಹಾಗಾಗಿ ಹೊಸದಾಗೇ ಹಾಕಬೇಕು.

ಮುಗಿದ ಮೇಲೆ ಮೊದಲು ತೆರೆದಿದ್ದು ಹಳೇ ಲಗ್ನಪತ್ರಿಕೆಯೊಂದನ್ನು. ಒತ್ತು, ದೀರ್ಘ ಎಲ್ಲ ಜಾಗದಲ್ಲೇ ಇದ್ದವು. ಪ್ರಿಂಟ್ ಕೂಡ ಬಂತು. ಮತ್ತೆ 10ಕ್ಕೆ ಹಿಂತಿರುಗಲು ಹತ್ತು ದಿನ ಅವಕಾಶ ಇರುತ್ತದೆ, ಹಳೆಯದೆಲ್ಲ ವಿಂಡೋಸ್.ಓಲ್ಡ್ ಅನ್ನುವ ಫೋಲ್ಡರಿನಲ್ಲಿ ಕೂತಿರುತ್ತದೆ. ಜಾಗ ತಿನ್ನುತ್ತೆ ಅಂತ ಅವಸರದಲ್ಲಿ ಅಳಿಸಬೇಡಿ. ಜಿಎಸ್‌ಟಿ ರಿಟರ್ನ್, ಟೋಕನ್, ಪ್ರಿಂಟರ್ ಎಲ್ಲ ಒಂದು ಸುತ್ತು ಆಗಲಿ.

ಲ್ಯಾಪ್‌ಟಾಪ್ ಕಥೆಯೇ ಬೇರೆ. ಅದರಲ್ಲಿ ಇದ್ದದ್ದು ಬ್ರೌಸರ್, ಆಫೀಸ್, ಫೋಟೋಗಳು. ಉಳಿದಿದ್ದೆಲ್ಲ ಕೊಂಡಾಗಲೇ ಬಂದ ಟ್ರಯಲ್‌ಗಳು, ಮಕ್ಕಳು ಹಾಕಿ ತೆಗೆದ ಆಟಗಳ ಚೂರುಪಾರು. ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಫೋಟೋಗಳನ್ನು ಎರಡು ಕಡೆ ನಕಲು ಮಾಡಿ, 8 ಜಿಬಿ ಪೆನ್‌ಡ್ರೈವಿಗೆ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಇಳಿಸಿ ಶುರುಮಾಡಿದೆ.

ಅಲ್ಲಿ ಡಿಸ್ಕ್ ಪಟ್ಟಿಯೇ ಖಾಲಿ! ಇದು ಹನ್ನೊಂದನೇ ತಲೆಮಾರಿನ ಇಂಟೆಲ್ ಮತ್ತು ಅದರ ಮುಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆಗುತ್ತದೆ. ಎಸ್‌ಎಸ್‌ಡಿಯನ್ನು ನಿರ್ವಹಿಸುವ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಇದ್ದರೆ, ಅದರ ಡ್ರೈವರ್ ಕೊಡುವ ತನಕ ಸೆಟಪ್‌ಗೆ ಎಸ್‌ಎಸ್‌ಡಿ ಕಾಣುವುದಿಲ್ಲ. ಎಸ್‌ಎಸ್‌ಡಿ ಹಾಳಾಯ್ತು ಅಂತ ಗಾಬರಿಯಾಗಬೇಡಿ. ಡ್ರೈವರನ್ನು ಮೊದಲೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದೆ, ಲೋಡ್ ಮಾಡಿದೆ, ಕಾಣಿಸಿತು. ಮುಂದೆ ವೈಫೈ ಡ್ರೈವರ್ ಇಲ್ಲ, ಆದರೆ ಇಂಟರ್ನೆಟ್ ಇಲ್ಲದೆ ಮುಂದೆ ಹೋಗಲು ಬಿಡಲ್ಲ. ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಟ್ಟೆ. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಕೀ ಕೇಳಿದಾಗ ಇಲ್ಲ ಅಂದು, ಮೊದಲಿದ್ದ ಹೋಮ್ ಆವೃತ್ತಿಯನ್ನೇ ಆರಿಸಿದರೆ ಸಾಕು.

ಡೆಸ್ಕ್‌ಟಾಪಿನಲ್ಲಿ ಯಾರಾದರೂ ಹೀಗೆ ಹೊಸದಾಗಿ ಹಾಕುವುದಾದರೆ ನಾನು ಹೇಳೋದು: ಡೇಟಾ ಡಿಸ್ಕಿನ ಕೇಬಲ್ ಕಿತ್ತಿಡಿ. ಸೆಟಪ್ ಪರದೆಯಲ್ಲಿ ಸಿ, ಡಿ ಅಂತ ಹೆಸರು ಬರುವುದಿಲ್ಲ, ಡಿಸ್ಕ್ 0, ಪಾರ್ಟಿಷನ್ 2 ಅಂತ ಬರುತ್ತದೆ. "ಡಿ ಡ್ರೈವಿಗೆ ಏನೂ ಆಗಲ್ಲ" ಅಂತ ನಂಬಿ ಕೂರುವವರ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎರಡೂ ಸಿ ಡ್ರೈವಿನಲ್ಲೇ ಇರುತ್ತವೆ ಅನ್ನೋದು ಇನ್ನೊಂದು. ಟ್ಯಾಲಿ ಇದ್ದರೆ ಅಳಿಸುವ ಮೊದಲೇ ಲೈಸೆನ್ಸ್ ಸರೆಂಡರ್ (ಆ ಯಂತ್ರದಿಂದ ಬಿಡುಗಡೆ) ಮಾಡಿ.

ಹೊಸದಾಗಿ ಹಾಕಿದವರು ಗಮನಿಸಬೇಕಾದ ಒಂದು ಸಂಗತಿ ಇದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕುವುದು) ತಾನಾಗೇ ಶುರುವಾಗಬಹುದು. ಮುಂದೊಂದು ದಿನ ಬಯಾಸ್ ಅಪ್‌ಡೇಟ್ ಮಾಡಿದಾಗಲೋ ಬೋರ್ಡ್ ಬದಲಾಯಿಸಿದಾಗಲೋ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ನಿಮ್ಮ ಖಾತೆಯಲ್ಲೇ ಇರುತ್ತದೆ, ಆದರೆ ಆ ಖಾತೆಯ ಪಾಸ್‌ವರ್ಡ್ ನೆನಪಿರಬೇಕಲ್ಲ! ನಾನು ಅದನ್ನು ಅಂಗಡಿಯ ಅದೇ 2900ರಲ್ಲಿ ಪ್ರಿಂಟ್ ತೆಗೆದು ಲ್ಯಾಪ್‌ಟಾಪ್ ಬಿಲ್ಲಿನ ಜೊತೆ ಪಿನ್ ಮಾಡಿಟ್ಟಿದ್ದೇನೆ.