ಇಗ್ರೀಜಿಯಸ್: ಒಂದು ಪದದ ಬೇರು ಹುಡುಕಿದ್ದು ಹೀಗೆ

ಇಂಗ್ಲಿಷಿನ ಕಷ್ಟದ ಗುಣವಾಚಕಗಳನ್ನು ನಾನು ಸುಮ್ನೆ ಉರು ಹೊಡೆಯುವುದಿಲ್ಲ. ಅವುಗಳ ಲ್ಯಾಟಿನ್ ಮೂಲ ಹುಡುಕುತ್ತೇನೆ. ಹಾಗೆ ಹುಡುಕಿದವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಇಗ್ರೀಜಿಯಸ್’. ಕಣ್ಣಿಗೆ ರಾಚುವಷ್ಟು ಕೆಟ್ಟದ್ದು ಅಂತ ಅದರ ಇವತ್ತಿನ ಅರ್ಥ. ತಪ್ಪು, ಅನ್ಯಾಯ, ನಿಯಮ ಮುರಿಯುವುದು ಇಂಥ ಮಾತುಗಳ ಜೊತೆಗೇ ಅದು ಜಾಸ್ತಿ ಬರುತ್ತದೆ.

ನಿಘಂಟಿನಲ್ಲಿ ನಾನು ಮೊದಲು ನೋಡಿದ್ದು ಪದದ ಹುಟ್ಟು ಹೇಳುವ ಸಾಲು. ಅಲ್ಲಿ ‘ಎಗ್ರೆಗಿಯುಸ್’ ಅಂತ ಇತ್ತು. ‘ಎ’ ಅಂದರೆ ಹೊರಗೆ, ‘ಗ್ರೆಕ್ಸ್’ ಅಂದರೆ ಮಂದೆ. ಆದರೆ ಗ್ರೆಕ್ಸ್ ಹೋಗಿ ‘ಗ್ರೆಗ್’ ಆದದ್ದು ಹೇಗೆ? ಲ್ಯಾಟಿನ್ ನಿಘಂಟು ನಾಮಪದಕ್ಕೆ ಎರಡು ರೂಪ ಕೊಡುತ್ತದೆ: ಗ್ರೆಕ್ಸ್, ಗ್ರೆಗಿಸ್. ಎರಡನೆಯದು ಷಷ್ಠಿ ವಿಭಕ್ತಿ, ‘ಮಂದೆಯ’ ಅಂತ. ಪದದ ಪ್ರಕೃತಿ ಸರಿಯಾಗಿ ಕಾಣುವುದು ಅಲ್ಲೇ. ‘ವಾಕ್’ ಅನ್ನೋದು ‘ವಾಚಿಕ’ದಲ್ಲಿ ರೂಪ ಬದಲಿಸುತ್ತದೆ ಅಲ್ವಾ, ಹಾಗೆ. ರಾಜ ಅನ್ನುವ ರೆಕ್ಸ್, ರೆಗಿಸ್‌ನಿಂದ ‘ರೀಗಲ್’ ಬಂತು. ಕಾನೂನು ಅನ್ನುವ ಲೆಕ್ಸ್, ಲೆಗಿಸ್‌ನಿಂದ ‘ಲೀಗಲ್’. ಇದು ಹೊಳೆದ ಮೇಲೆ ನಾನು ಯಾವಾಗಲೂ ಎರಡನೇ ರೂಪವನ್ನೇ ಬರೆದುಕೊಳ್ಳುತ್ತೇನೆ.

ಮಂದೆ ಸಿಕ್ಕಿತು, ಅದರ ಬಳಗವೂ ಸಿಕ್ಕಿತು. ಜನರ ಜೊತೆ ಬೆರೆಯುವವರು ‘ಗ್ರಿಗೇರಿಯಸ್’. ಒಟ್ಟು ಸೇರಿದವರು ‘ಕಾಂಗ್ರಿಗೇಷನ್’. ಬೇರೆ ಮಾಡಿ ಇಡುವುದು ‘ಸೆಗ್ರಿಗೇಟ್’.

ನನಗೆ ಅಚ್ಚರಿಯಾದದ್ದು ಮುಂದಿನದು. ಲ್ಯಾಟಿನ್ನಿನಲ್ಲಿ ಮಂದೆಯಿಂದ ಹೊರಗೆ ನಿಂತದ್ದು ಅಂದರೆ ಹೊಗಳಿಕೆ! ಎಲ್ಲರಿಗಿಂತ ಮೇಲಾದದ್ದು ಅಂತ. ಇಂಗ್ಲಿಷಿಗೂ ಅದು 16ನೇ ಶತಮಾನದಲ್ಲಿ ಅದೇ ಅರ್ಥ ಹೊತ್ತು ಬಂತು. 1590ರಲ್ಲಿ ಅಚ್ಚಾದ ಮಾರ್ಲೋನ ‘ಟ್ಯಾಂಬರ್ಲೇನ್’ ನಾಟಕದಲ್ಲಿ ರಾಜಪ್ರತಿನಿಧಿಗಳನ್ನು ಗೌರವದಿಂದ ಕರೆಯುವುದು ಈ ಪದದಿಂದ. ಅವನ ಓರಗೆಯ ಶೇಕ್ಸ್‌ಪಿಯರ್ ‘ಸಿಂಬಲೀನ್’ನಲ್ಲಿ ಅದನ್ನೇ ಕೊಲೆಗಾರನಿಗೆ ಅಂಟಿಸಿದ್ದಾನೆ. ವ್ಯಂಗ್ಯವಾಗಿ ಬಳಸುತ್ತ ಬಳಸುತ್ತ ಅರ್ಥ ತಿರುಗಿರಬೇಕು ಅನ್ನುತ್ತಾರೆ ನಿಘಂಟುಕಾರರು. ನನಗೂ ಅದೇ ಸರಿ ಅನ್ನಿಸುತ್ತದೆ.

ಆದರೆ ಇಟಾಲಿಯನ್ನಿನಲ್ಲಿ ಹಳೆಯ ಮರ್ಯಾದೆ ಉಳಿದಿದೆ. ಅಲ್ಲಿ ಔಪಚಾರಿಕ ಪತ್ರವನ್ನು ಇಂದಿಗೂ ‘ಎಗ್ರೆಜಿಯೊ’ ಅಂತ ಶುರು ಮಾಡುವುದುಂಟು, ನಾವು ‘ಮಾನ್ಯರೇ’ ಅನ್ನುವ ಹಾಗೆ. ಇಂಗ್ಲಿಷಿನಲ್ಲಿ ಹಾಗೆ ಯಾರನ್ನೂ ಕರೆಯುವ ಹಾಗಿಲ್ಲ. ಅದಕ್ಕೇ ನನ್ನ ಪುಸ್ತಕದಲ್ಲಿ ಬೇರಿನ ಪಕ್ಕ ‘ಇಗ್ರೀಜಿಯಸ್ ಎರರ್’ ಅನ್ನುವ ಜೋಡಿಯನ್ನೂ ಬರೆದಿಟ್ಟಿದ್ದೇನೆ.