ಇರಾನಿ ಕೆಫೆಯಲ್ಲಿ ಬೆಳಗಿನ ಚಹಾ: ಬ್ರುನ್ ಬ್ರೆಡ್ ಎಷ್ಟು ಹೊತ್ತು ಅದ್ದಬೇಕು?

ಇರಾನಿನಿಂದ ವಲಸೆ ಬಂದವರು ಶುರುಮಾಡಿದ ಮುಂಬಯಿಯ ಹಳೆಯ ಇರಾನಿ ಕೆಫೆಗೆ ಹೋಗುವುದಿದ್ದರೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಬಿ. ಮೆರ್ವಾನ್ (1914) ಮಾವಾ (ಖೋವಾ) ಕೇಕಿಗೆ ಹೆಸರುವಾಸಿಯಾಗಿತ್ತು. ತಡಮಾಡಿದರೆ ಅಲ್ಲಿ ಕೇಕ್ ಮುಗಿದಿರುತ್ತಿತ್ತು. ಮೊದಲ ಸಲದವರಿಗೆ ಮರೀನ್ ಲೈನ್ಸ್ ಸ್ಟೇಷನ್ನಿಂದ ನಡೆದೇ ಹೋಗಬಹುದಾದ ಧೋಬಿ ತಲಾವ್‌ನ ಕಯಾನಿ (1904) ಸಲೀಸು. ಮಾಟುಂಗಾದ ಉಡುಪಿ ಹೋಟೆಲುಗಳಿಗೆ ಹೋಗುವ ಕನ್ನಡಿಗರಿಗೆ ಕಿಂಗ್ಸ್ ಸರ್ಕಲ್ಲಿನ ಕೂಲರ್ ಕೆಫೆ ಹತ್ತಿರ.

ದರ್ಶಿನಿಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ಪಡೆಯುವುದಿಲ್ಲ. ಖಾಲಿ ಕುರ್ಚಿ ಕಂಡಲ್ಲಿ ಕೂತುಬಿಡಿ. ಅಮೃತಶಿಲೆಯ ಸಣ್ಣ ಮೇಜಿಗೆ ಅಪರಿಚಿತರು ಬಂದು ಕೂರುವುದು ಮಾಮೂಲು, ಜರುಗಿ ಜಾಗ ಕೊಡಿ. ಮಾಣಿ ಬಂದಾಗ ಯೋಚಿಸುತ್ತ ಕೂತರೆ ಆತ ಪಕ್ಕದ ಮೇಜಿಗೆ ಹೋಗಿಬಿಡುತ್ತಾನೆ. "ಏಕ್ ಬ್ರುನ್ ಮಸ್ಕಾ, ಏಕ್ ಪಾನೀ ಕಮ್" ಎಂದರೆ ಸಾಕು. ಪಾನೀ ಕಮ್ ಅಂದರೆ ನೀರು ಕಡಿಮೆ, ಹಾಲು ಹೆಚ್ಚು ಇರುವ ಗಟ್ಟಿ ಚಹಾ. ಸಾಮಾನ್ಯವಾಗಿ ಸಕ್ಕರೆ ಹಾಕಿಯೇ ಕುದಿಸಿರುತ್ತಾರೆ, ಸಿಹಿ ಬೇಡವೆನ್ನುವವರು ಮೊದಲೇ ವಿಚಾರಿಸಿ.

ಮಸ್ಕಾ ಎಂದರೆ ಬೆಣ್ಣೆ. ಅದನ್ನು ಎರಡು ಬಗೆಯ ಬ್ರೆಡ್ಡಿಗೆ ಸವರುತ್ತಾರೆ, ಹೆಚ್ಚಿನವರು ಎಡವುವುದು ಇಲ್ಲೇ. ಬನ್ ಮೆತ್ತಗೆ, ಸ್ವಲ್ಪ ಸಿಹಿ. ಬ್ರುನ್ ಹೊರಗೆ ಗಟ್ಟಿ, ಒಳಗೆ ಮೆದು. ಒಣಗಿದ ಬ್ರುನ್ ಹಾಗೇ ಕಚ್ಚಿದರೆ ಅಂಗುಳ ಕೆರೆಯುತ್ತದೆ; ಅದನ್ನು ಚಹಾದಲ್ಲಿ ಅದ್ದಲೆಂದೇ ಮಾಡಿರುವುದು. ಮೂರರಿಂದ ನಾಲ್ಕು ಸೆಕೆಂಡು ಅದ್ದಿ, ತುದಿ ಮೆದುವಾಗಿ ಉಳಿದದ್ದು ಗರಿಗರಿಯಾಗಿಯೇ ಇರಬೇಕು. ಬನ್ನಿಗೆ ಒಂದೇ ಸೆಕೆಂಡು. ಹೆಚ್ಚಾದರೆ ಮುರಿದು ಕಪ್ಪಿನ ತಳ ಸೇರಿ ಚಹಾ ಗಂಜಿಯಾಗುತ್ತದೆ. ಚಹಾದ ಮೇಲೆ ಬೆಣ್ಣೆಯ ಎಣ್ಣೆಬೊಟ್ಟುಗಳು ತೇಲಿದರೆ ಗಾಬರಿ ಬೇಡ, ಅದೇ ರುಚಿ.

ಚಹಾ ಮೊದಲೇ ಬಂದು ಬ್ರುನ್ ತಡವಾದರೆ ಕೆನೆ ಕಟ್ಟಿ ತಣ್ಣಗಾಗುತ್ತದೆ. ಹಾಗಾಗಿ ಎರಡೂ ಒಟ್ಟಿಗೇ ತರಲು ಹೇಳಿ. ಹೊಟ್ಟೆ ತುಂಬಬೇಕೆಂದರೆ ಆಮ್ಲೆಟ್ ಪಾವ್ ಅಥವಾ ಅಕೂರಿ. ಅಕೂರಿ ಎಂದರೆ ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಹಾಕಿ ಕದಡಿ ಬೇಯಿಸಿದ ಪಾರ್ಸಿ ಶೈಲಿಯ ಮೊಟ್ಟೆ. ಪೂರ್ತಿ ಒಣಗಿಸಬೇಡಿ ಎಂದು ಹೇಳಿಬಿಡಿ. ಖೀಮಾ (ಕೊಚ್ಚಿದ ಮಾಂಸ) ಪಾವ್ ಬೆಳಿಗ್ಗೆ ಎಲ್ಲೆಡೆ ತಯಾರಿರುವುದಿಲ್ಲ. ಸಸ್ಯಾಹಾರಿಗಳು ಬ್ರುನ್ ಮಸ್ಕಾ, ಖಾರಿ (ಪದರಪದರವಾದ ಗರಿಗರಿ ಬಿಸ್ಕತ್ತು) ತಿನ್ನಬಹುದು, ಆದರೆ ಮಾವಾ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಸಸ್ಯಾಹಾರ, ಮಾಂಸಾಹಾರ ಎರಡಕ್ಕೂ ಅಡುಗೆಮನೆಯೂ ಒಂದೇ.

ಮುಗಿದ ಮೇಲೆ ಎದ್ದು ಗಲ್ಲಾದ ಬಳಿ ಹೋಗಿ. ಏನೇನು ತಿಂದಿರೆಂದು ಮಾಣಿ ಅಲ್ಲಿಂದಲೇ ಕೂಗಿ ಹೇಳುವುದೂ ಉಂಟು. ನೂರು, ಐವತ್ತರ ನೋಟುಗಳು ಜೇಬಿನಲ್ಲಿರಲಿ. ಎಲ್ಲ ಕಡೆ ಕಾರ್ಡ್ ನಡೆಯುವುದಿಲ್ಲ. ಹಿಂದೆ ಜನ ಕಾಯುತ್ತಿದ್ದರೆ ಹರಟೆ ಹೊರಗೆ ಮುಂದುವರಿಸಿ.

ಮನೆಗೆ ಒಯ್ಯುವುದಾದರೆ ಖಾರಿಗೆ ಗಟ್ಟಿ ಡಬ್ಬಿ ಬೇಕು. ಚೀಲದಲ್ಲಿ ಒತ್ತಿಹೋದರೆ ಲೋಕಲ್ ರೈಲು ಇಳಿಯುವ ಹೊತ್ತಿಗೆ ಪುಡಿಯಷ್ಟೇ ಉಳಿಯುತ್ತದೆ.