ಹಾರುವ ಹೆಜ್ಜಾರ್ಲೆಯ ಫೋಟೋ ತೆಗೆಯುವುದು ಹೇಗೆ?

ಹೆಜ್ಜಾರ್ಲೆಗಳು (ಪೆಲಿಕನ್) ಗೂಡು ಕಟ್ಟುವ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಮೊದಲ ಸಲ ಹೋದಾಗ ನಾನೂರು ಫೋಟೋ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಮುಕ್ಕಾಲು ಪಾಲು ಬರೀ ಆಕಾಶ. ಉಳಿದದ್ದರಲ್ಲಿ ರೆಕ್ಕೆಯ ತುದಿ ಕಟ್! ಆದರೂ ಕಲಿಯಲು ಹೆಜ್ಜಾರ್ಲೆಯೇ ಒಳ್ಳೆಯದು. ದೊಡ್ಡ ಹಕ್ಕಿ, ನಿಧಾನದ ಹಾರಾಟ. ಮಿಂಚುಳ್ಳಿಯನ್ನು ಆಮೇಲೆ ನೋಡಿಕೊಳ್ಳೋಣ.

ಶಟರ್ ವೇಗ 1/2000 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಫೋಕಸ್ ಕಂಟಿನ್ಯುಯಸ್ (ಹಕ್ಕಿ ಚಲಿಸಿದಂತೆ ಫೋಕಸ್ ಹಿಂಬಾಲಿಸುವ ಮೋಡ್). ಅಷ್ಟು ಸಾಕು. ಜೂಮ್ ಪೂರ್ತಿ ಎಳೆಯಬೇಡಿ, ರೆಕ್ಕೆ ಬಿಚ್ಚಲು ಜಾಗ ಬೇಕಲ್ವಾ?

ನಿಜವಾದ ಗುಟ್ಟು ಗಾಳಿ. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಗಾಳಿಯ ದಿಕ್ಕು ತಿಳಿಯಲು ಚಿಟಿಕೆ ಮಣ್ಣು ಉದುರಿಸಿ ನೋಡಿ. ಗಾಳಿ ಬೆನ್ನಿಗೆ ಬೀಸುವ ಹಾಗೆ ನಿಂತರೆ, ಹುಣಸೆಮರದ ಗೂಡಿಗೆ ಕಡ್ಡಿ ಕಚ್ಚಿಕೊಂಡು ಬರುವ ಹೆಜ್ಜಾರ್ಲೆ ನಿಮ್ಮ ಮುಖಕ್ಕೇ ಬರುತ್ತದೆ. ದೂರದಲ್ಲಿ ಚುಕ್ಕಿಯಾಗಿದ್ದಾಗಲೇ ಫೋಕಸ್ ಹಿಡಿಯಿರಿ. ಗೂಡಿನ ಹತ್ತಿರ ಕಾಲು ಚಾಚಿ, ಬ್ರೇಕ್ ಹಾಕಿದಂತೆ ರೆಕ್ಕೆ ಅಗಲಿಸುತ್ತದೆ. ಆಗ ಒತ್ತಿ, ಬೆರಳು ಎತ್ತಬೇಡಿ.

ಹಿಂದೆ ಬಿಳಿ ಆಕಾಶವಿದ್ದರೆ ಹಕ್ಕಿ ಕಪ್ಪಗೆ ಬರುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ಏರಿಸಿ. ಹಿಂದೆ ಮರದ ಹಸಿರು ಬಂತೋ, ತಕ್ಷಣ ಇಳಿಸಿ. ಇಲ್ಲದಿದ್ದರೆ ಪುಕ್ಕವೆಲ್ಲ ಸುಣ್ಣ ಬಳಿದ ಹಾಗೆ. ನಾನಂತೂ ಇದನ್ನು ಇವತ್ತಿಗೂ ಮರೆಯುತ್ತೇನೆ.

ಟೋಪಿ ಬೇಕೇ ಬೇಕು. ಬಿಸಿಲಿಗಲ್ಲ, ಮರದ ಕೆಳಗೆ ನಿಂತಾಗ ಮೇಲಿಂದ ಬೀಳುವುದಕ್ಕೆ.